ಆಳಿಗೆ ತಕ್ಕ ಕತ್ತಿ

ಮೂರು ಅಡಿ ಎತ್ತರದ ಒಬ್ಬ ಆಳು. ಅವನ ಕೈಯಲ್ಲಿ ಐದೂವರೆ ಅಡಿ ಉದ್ದದ ಖಡ್ಗ. ಅವನು ಅದನ್ನು ಎತ್ತಬಲ್ಲನೆ? ಎತ್ತಿದರೆ ಬೀಸಬಲ್ಲನೆ? ಬೀಸಿದರೆ ಎದುರಾಳಿಗೆ ತಗಲೀತೆ? ತಗಲಿದರೆ ಗಾಯವೆಷ್ಟು?

ಇದು ಮಕ್ಕಳ ಕತೆಯ ಪ್ರಶ್ನೆಯಂತೆ ತೋರಬಹುದು. ಆದರೆ ಪಾತ್ರಧಾರಣೆಯ ಆಟಗಳನ್ನು ಆಡುವವರು ಸುಮಾರು ಐವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಬಿಡದೆ ಚರ್ಚಿಸುತ್ತ ಬಂದಿದ್ದಾರೆ. ಒಂದೇ ಆಟದ ನಿಯಮಗಳು ಈ ಒಂದು ವಿಷಯದಲ್ಲಿ ಏಳೆಂಟು ಬಾರಿ ಬದಲಾಗಿವೆ. ಬದಲಾವಣೆಗಳ ಹಿಂದೆ ಪ್ರಕೃತಿಯ ಒಂದು ಗಣಿತವಿದೆ, ಐರೋಪ್ಯ ಮಧ್ಯಯುಗದ ನಿಜವಾದ ಆಯುಧಗಳ ಚರಿತ್ರೆಯಿದೆ, ಕೊನೆಗೆ ನ್ಯಾಯದ ಪ್ರಶ್ನೆಯೂ ಇದೆ. ನಮ್ಮ ಮನೆಗಳ ಹುಡುಗರು ಹುಡುಗಿಯರು ರಜೆಯ ದಿನ ಬಹುಮುಖದ ದಾಳಗಳನ್ನು ಉರುಳಿಸುತ್ತ ಗಂಟೆಗಟ್ಟಲೆ ಏನು ವಾದಿಸುತ್ತಾರೆ ಎಂದು ಬೆರಗಾಗುವ ಹಿರಿಯರಿಗೂ ವಿಷಯ ರುಚಿಸೀತು.

ಆಟದ ಸ್ವರೂಪ

ಪಾತ್ರಧಾರಣೆಯ ಆಟವೆಂದರೇನು? ನಮ್ಮಲ್ಲಿ ತಾಳಮದ್ದಳೆಯನ್ನು ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನೋ ಕೃಷ್ಣನೋ ಆಗಿ, ಬರೆದಿಟ್ಟ ಮಾತಿಲ್ಲದೆ, ಆ ಕ್ಷಣಕ್ಕೆ ಹೊಳೆದಂತೆ ವಾದ ಹೂಡುತ್ತಾರೆ. ಪ್ರಸಂಗದ ಸೂತ್ರ ಭಾಗವತರ ಕೈಯಲ್ಲಿರುತ್ತದೆ. ಈ ಆಟವೂ ಹೀಗೆಯೇ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಕತೆಯ ಸೂತ್ರ ಹಿಡಿದ ಯಜಮಾನನೊಬ್ಬನಿರುತ್ತಾನೆ. ಒಂದು ವ್ಯತ್ಯಾಸವುಂಟು. ತಾಳಮದ್ದಳೆಯಲ್ಲಿ ಕರ್ಣ ಸಾಯಬೇಕೆಂಬುದು ಮೊದಲೇ ಗೊತ್ತು. ಇಲ್ಲಿ ಯಾರು ಗೆಲ್ಲುವರೆಂಬುದು ಗೊತ್ತಿಲ್ಲ. ಅದನ್ನು ನಿಯಮವೂ ದಾಳವೂ ಕೂಡಿ ನಿರ್ಣಯಿಸುತ್ತವೆ.

ಈ ಬಗೆಯ ಆಟಗಳಿಗೆಲ್ಲ ಮೂಲವೆನಿಸಿದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದನ್ನು ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳು, ಇಷ್ಟೇ ಅದರ ಮೊದಲ ರೂಪ. ಅದರ ಬೇರು ಇದ್ದದ್ದು ತವರದ ಸಿಪಾಯಿಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟದಲ್ಲಿ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದಾಟದ ನಿಯಮಗಳನ್ನು ಹೊರತಂದಿದ್ದರು.

ಆಟದಲ್ಲಿ ಹೊಡೆದಾಟ ನಡೆಯುವ ಕ್ರಮ ಸ್ಥೂಲವಾಗಿ ಹೀಗಿದೆ. ಹೊಡೆಯುವವನು ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತಾನೆ. ಬಿದ್ದ ಗರಕ್ಕೆ ತನ್ನ ಬಲ ಮತ್ತು ಅಭ್ಯಾಸದ ಅಂಕಗಳನ್ನು ಕೂಡಿಸುತ್ತಾನೆ. ಮೊತ್ತವು ಎದುರಾಳಿಯ ಕವಚಕ್ಕೆ ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಿದರೆ ಪೆಟ್ಟು ತಗಲಿತು. ಆಮೇಲೆ ಆಯುಧಕ್ಕೆ ತಕ್ಕ ಬೇರೆ ದಾಳವನ್ನು ಉರುಳಿಸಿ ಗಾಯದ ಪ್ರಮಾಣವನ್ನು ತಿಳಿಯುತ್ತಾರೆ. ಆದುದರಿಂದ ಮೈಯ ಅಳತೆಯನ್ನು ನಿಯಮದೊಳಗೆ ತರಬೇಕಾದರೆ ಮೂರೇ ದಾರಿಗಳು: ಆಯುಧವನ್ನು ನಿಷೇಧಿಸುವುದು, ತಗಲುವ ಸಂಭವವನ್ನು ತಗ್ಗಿಸುವುದು, ಇಲ್ಲವೆ ಗಾಯದ ದಾಳವನ್ನು ಚಿಕ್ಕದು ಮಾಡುವುದು. ಈ ಆಟ ಮೂರನ್ನೂ ಪರೀಕ್ಷಿಸಿ ನೋಡಿದೆ.

ನಿಯಮಗಳು ನಡೆದುಬಂದ ದಾರಿ

ಆಟದ ಲೋಕದಲ್ಲಿ ಮನುಷ್ಯರಲ್ಲದೆ ಬೇರೆ ಜನಾಂಗಗಳೂ ಇವೆ. ಅವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಮೂರು ಅಡಿ ಎತ್ತರದ 'ಹಾಫ್‌ಲಿಂಗ್'. ಅರ್ಧ ಆಳಿನಷ್ಟೇ ಇರುವುದರಿಂದ ಇವರನ್ನು ಅರೆಯಾಳು ಎಂದು ಕರೆಯೋಣ. ಮೊದಲ ಪುಸ್ತಿಕೆಗಳಲ್ಲಿ ಇವರಿಗೆ 'ಹಾಬಿಟ್' ಎಂದೇ ಹೆಸರಿತ್ತು. ಅದು ಟೋಲ್ಕಿನ್ನರ ಕಾದಂಬರಿಗಳ ಹೆಸರಾದುದರಿಂದ ಹಕ್ಕಿನ ಆಕ್ಷೇಪ ಬಂತು, ಹೆಸರು ಬದಲಾಯಿತು.

1974ರ ನಿಯಮದಲ್ಲಿ ತೊಡಕೇ ಇರಲಿಲ್ಲ. ಕಠಾರಿಯಾಗಲಿ ಮಹಾಖಡ್ಗವಾಗಲಿ, ಗಾಯವೆಲ್ಲ ಒಂದರಿಂದ ಆರರವರೆಗೆ. 1975ರಲ್ಲಿ ಬಂದ 'ಗ್ರೇಹಾಕ್' ಎಂಬ ಪೂರಕ ಪುಸ್ತಿಕೆ ಒಂದೊಂದು ಆಯುಧಕ್ಕೂ ಬೇರೆ ಬೇರೆ ಗಾಯವನ್ನು ಗೊತ್ತುಮಾಡಿತು. ಗಾತ್ರದ ವಿಚಾರ ಆಗ ಮೊದಲು ಕಾಲಿಟ್ಟಿತಾದರೂ ಅದು ಹಿಡಿದವನ ಗಾತ್ರವಲ್ಲ, ಹೊಡೆಸಿಕೊಂಡವನ ಗಾತ್ರ! 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಇದನ್ನು ಮುಂದುವರಿಸಿತು. ಅದರಲ್ಲಿ ಉದ್ದ ಕತ್ತಿಯು ಮನುಷ್ಯಗಾತ್ರದವರಿಗೆ ಒಂದರಿಂದ ಎಂಟರವರೆಗೆ ಗಾಯ ಮಾಡಿದರೆ, ದೈತ್ಯರಿಗೆ ಒಂದರಿಂದ ಹನ್ನೆರಡರವರೆಗೆ ಮಾಡುತ್ತದೆ. ಕಠಾರಿ ಇದಕ್ಕೆ ತಿರುಗುಮುರುಗು: ಮನುಷ್ಯರಿಗೆ ನಾಲ್ಕರವರೆಗೆ, ದೈತ್ಯರಿಗೆ ಮೂರರವರೆಗೆ. ಚಿಕ್ಕ ಅಲಗು ದೊಡ್ಡ ಮೈಯ ಒಳಕ್ಕೆ ಇಳಿಯುವುದು ಕಷ್ಟವೆಂಬ ಎಣಿಕೆಯನ್ನು ಇದರಲ್ಲಿ ಕಾಣಬಹುದು.

ಹಿಡಿದವನ ಗಾತ್ರಕ್ಕೆ ಸರಳವಾದ ಉತ್ತರ ಕೊಟ್ಟದ್ದು 1981ರ ಆರಂಭಿಕರ ಪುಸ್ತಕ. ಅರೆಯಾಳು ತನ್ನ ಅಳತೆಗೆ ಮೊಟಕು ಮಾಡಿದ ಯಾವ ಆಯುಧವನ್ನಾದರೂ ಹಿಡಿಯಬಹುದು. ಆದರೆ ಎರಡು ಕೈಯ ಕತ್ತಿಯೂ ಉದ್ದ ಬಿಲ್ಲೂ ಅವನಿಗೆ ಸಲ್ಲವು. 1989ರ ಎರಡನೆಯ ಆವೃತ್ತಿ ಇದನ್ನು ಒಂದು ಸೂತ್ರವನ್ನಾಗಿ ಮಾಡಿತು. ಆಯುಧಗಳಿಗೆ ಚಿಕ್ಕದು, ಮಧ್ಯಮ, ದೊಡ್ಡದು ಎಂಬ ದರ್ಜೆಗಳು. ತನ್ನ ದರ್ಜೆಯ ಅಥವಾ ಅದಕ್ಕಿಂತ ಕೆಳಗಿನ ಆಯುಧವನ್ನು ಒಂದು ಕೈಯಲ್ಲಿ ಹಿಡಿಯಬಹುದು. ಒಂದು ದರ್ಜೆ ಮೇಲಿನದಕ್ಕೆ ಎರಡು ಕೈ ಬೇಕು. ಅದಕ್ಕೂ ಮೇಲಿನದು ಸಾಧ್ಯವಿಲ್ಲ. ಮನುಷ್ಯನು ಒಂದೇ ಕೈಯಲ್ಲಿ ಆಡಿಸುವ ಉದ್ದ ಕತ್ತಿ ಅರೆಯಾಳಿಗೆ ಎರಡು ಕೈಯ ಕತ್ತಿಯಾಯಿತು. 2000ದ ಮೂರನೆಯ ಆವೃತ್ತಿಯೂ ಇದನ್ನೇ ಹಿಡಿಯಿತು.

2003ರ ಪರಿಷ್ಕರಣದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮವಾಯಿತು. ಪ್ರತಿಯೊಂದು ಆಯುಧವೂ ಇಂಥ ಗಾತ್ರದವನಿಗೆಂದೇ ಮಾಡಿದ್ದು ಎಂದು ಎಣಿಸಿದರು. ಮನುಷ್ಯನಿಗೆ ಮಾಡಿದ ಉದ್ದ ಕತ್ತಿಗೆ ಎಂಟು ಮುಖದ ದಾಳ. ಅರೆಯಾಳಿಗೆ ಮಾಡಿದ್ದಕ್ಕೆ ಆರು ಮುಖದ್ದು. ದೈತ್ಯನಿಗೆ ಮಾಡಿದ್ದಕ್ಕೆ ಆರು ಮುಖದ ಎರಡು ದಾಳಗಳು. ಚಿಕ್ಕ ಆಯುಧದ ತೂಕ ಅರ್ಧ, ದೊಡ್ಡದರ ತೂಕ ಎರಡರಷ್ಟು. ತನ್ನದಲ್ಲದ ಅಳತೆಯ ಆಯುಧವನ್ನು ಹಿಡಿದರೆ ಒಂದೊಂದು ದರ್ಜೆಗೆ ಎರಡೆರಡು ಅಂಕ ಕಡಿತ. ಅದೇ ಹೊತ್ತಿಗೆ ಚಿಕ್ಕವನಿಗೆ ಒಂದು ಅನುಕೂಲವೂ ಇತ್ತು: ಹೊಡೆಯುವಾಗಲೂ ತಪ್ಪಿಸಿಕೊಳ್ಳುವಾಗಲೂ ಒಂದು ಅಂಕ ಹೆಚ್ಚು.

2008ರ ನಾಲ್ಕನೆಯ ಆವೃತ್ತಿ ಮತ್ತೆ ಸರಳತೆಗೆ ತಿರುಗಿ, ಚಿಕ್ಕವರಿಗೆ ಎರಡು ಕೈಯ ಆಯುಧಗಳು ಬೇಡವೆಂದಿತು. 2014ರ ಐದನೆಯ ಆವೃತ್ತಿ ನಿಷೇಧವನ್ನು ಕೈಬಿಟ್ಟು, ಮಹಾಖಡ್ಗ, ಭಾರಿ ಕೊಡಲಿ, ಉದ್ದ ಬಿಲ್ಲು ಮೊದಲಾದವಕ್ಕೆ 'ಭಾರವಾದವು' ಎಂಬ ಗುರುತನ್ನು ಹಾಕಿತು. ಚಿಕ್ಕವನು ಇವನ್ನು ಹಿಡಿದರೆ ಇಪ್ಪತ್ತು ಮುಖದ ದಾಳವನ್ನು ಎರಡು ಬಾರಿ ಉರುಳಿಸಿ, ಬಿದ್ದುದರಲ್ಲಿ ಕಡಮೆಯದನ್ನೇ ಎಣಿಸಬೇಕು.

ಕೊನೆಯ ತಿರುವು 2024ರದು. ಆ ವರ್ಷದ ಪುಸ್ತಕದಲ್ಲಿ ಭಾರವಾದ ಆಯುಧಕ್ಕೂ ಮೈಗಾತ್ರಕ್ಕೂ ಇದ್ದ ಸಂಬಂಧವನ್ನು ಕಡಿದುಹಾಕಿದರು. ಕೈಗತ್ತಿಯಂಥ ಆಯುಧವಾದರೆ ಬಲದ ಅಂಕ 13ಕ್ಕಿಂತ ಕಡಮೆಯಿದ್ದವರಿಗೆ, ಬಿಲ್ಲಿನಂಥದಾದರೆ ಚುರುಕಿನ ಅಂಕ 13ಕ್ಕಿಂತ ಕಡಮೆಯಿದ್ದವರಿಗೆ ಈ ಅನನುಕೂಲ. ಆಳು ಮೂರಡಿಯೋ ಆರಡಿಯೋ ಎಂಬುದನ್ನು ನಿಯಮ ಕೇಳುವುದೇ ಇಲ್ಲ.

ಬೇರೆ ಆಟಗಳು ಬೇರೆ ಹಾದಿಯನ್ನು ತುಳಿದವು. 1978ರ 'ರೂನ್‌ಕ್ವೆಸ್ಟ್' ಬಲ, ಬುದ್ಧಿ, ಚುರುಕುಗಳ ಜೊತೆಗೆ ಮೈಗಾತ್ರವನ್ನೂ ಒಂದು ಸ್ವತಂತ್ರ ಅಂಕವನ್ನಾಗಿ ಇಟ್ಟಿತು. ಬಲವೂ ಗಾತ್ರವೂ ಕೂಡಿ ಹೆಚ್ಚಿದ್ದರೆ ಪೆಟ್ಟಿಗೆ ಇನ್ನೊಂದು ದಾಳ ಸೇರುತ್ತದೆ. ತೀರ ಕಡಮೆಯಿದ್ದರೆ ಕಳೆಯುತ್ತದೆ. ಅದನ್ನು ರಚಿಸಿದವರಲ್ಲೊಬ್ಬರಾದ ಸ್ಟೀವ್ ಪೆರಿನ್, 1966ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಗಿ ಮಧ್ಯಯುಗದ ಕಾಳಗವನ್ನು ನಿಜವಾಗಿ ಆಡಿ ನೋಡುತ್ತಿದ್ದ ಸಂಘದ ಮೊದಲಿಗರಲ್ಲಿ ಸೇರಿದವರು. ಸ್ಟೀವ್ ಜಾಕ್ಸನ್ 1986ರಲ್ಲಿ ಹೊರತಂದ 'ಗರ್ಪ್ಸ್' ಆಯುಧಕ್ಕೆ ಬೇಕಾದ ಕನಿಷ್ಠ ಬಲವನ್ನು ಹೇಳಿ, ಕೊರತೆಯಾದ ಒಂದೊಂದು ಅಂಕಕ್ಕೂ ಒಂದೊಂದು ಅಂಕ ಕೌಶಲವನ್ನು ಕಳೆಯಿತು.

ಪ್ರಕೃತಿಯ ಗಣಿತ

ಈಗ ಪ್ರಕೃತಿ ಏನು ಹೇಳುತ್ತದೆಂದು ನೋಡೋಣ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ಸರಳ ಸತ್ಯವನ್ನು ತೋರಿಸಿದ್ದಾನೆ. ಒಂದು ಆಕಾರವನ್ನು ಎಲ್ಲ ಕಡೆಯೂ ಎರಡರಷ್ಟು ಹಿಗ್ಗಿಸಿದರೆ ಅದರ ಅಡ್ಡಕೊಯ್ತದ ಹರವು ನಾಲ್ಕರಷ್ಟಾಗುತ್ತದೆ, ತೂಕ ಎಂಟರಷ್ಟಾಗುತ್ತದೆ. ಸ್ನಾಯುವಿನ ಎಳೆತ, ಮೂಳೆಯ ತಾಳಿಕೆ ಇವೆರಡೂ ಅಡ್ಡಕೊಯ್ತದ ಹರವನ್ನು ಅನುಸರಿಸುತ್ತವೆ. ಆದುದರಿಂದ ದೈತ್ಯನು ಬೆಳೆದಂತೆ ಬಲ ಹೆಚ್ಚಿದರೂ ಭಾರವು ಅದಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಜೆ.ಬಿ.ಎಸ್. ಹಾಲ್ಡೇನ್ 1926ರ ಒಂದು ಪ್ರಬಂಧದಲ್ಲಿ ಅರುವತ್ತು ಅಡಿಯ ದೈತ್ಯರನ್ನು ಉದಾಹರಿಸಿ, ಅವರು ಹೆಜ್ಜೆ ಇಟ್ಟೊಡನೆ ತೊಡೆಯ ಮೂಳೆ ಮುರಿದೀತೆಂದು ಲೆಕ್ಕ ಹಾಕಿ ತೋರಿಸಿದರು. ಈ ಹಾಲ್ಡೇನರೇ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಈ ಲೆಕ್ಕವನ್ನು ಅರೆಯಾಳಿಗೆ ಹಚ್ಚೋಣ. ಆರಡಿಯ ಆಳನ್ನು ಅಂಗಾಂಗವಾಗಿ ಅರ್ಧ ಮಾಡಿದರೆ ಮೂರಡಿಯವನಾಗುತ್ತಾನೆ. ಅವನ ಸ್ನಾಯುಬಲ ನಾಲ್ಕನೆಯ ಒಂದು ಭಾಗ; ತೂಕ ಎಂಟನೆಯ ಒಂದು ಭಾಗ. ಒಂದು ಬೀಸಿಗೆ ಸ್ನಾಯು ಮಾಡುವ ಕೆಲಸವೆಂದರೆ ಬಲವನ್ನು ಅದು ಎಳೆದ ದೂರದಿಂದ ಗುಣಿಸಿದಷ್ಟು. ಬಲ ಕಾಲು ಪಾಲು, ದೂರ ಅರ್ಧ. ಗುಣಿಸಿದರೆ ಎಂಟನೆಯ ಒಂದು ಭಾಗ. ಅಂದರೆ ಅವನು ಒಂದು ಪೆಟ್ಟಿಗೆ ತುಂಬಬಲ್ಲ ಶಕ್ತಿ ನಮ್ಮ ಶಕ್ತಿಯ ಎಂಟರಲ್ಲೊಂದು.

ಅವನಿಗೆ ಅವನ ಅಳತೆಯ ಕತ್ತಿಯನ್ನೇ ಕೊಟ್ಟರೆ ಏನಾಗುತ್ತದೆ? ಉದ್ದ, ಅಗಲ, ದಪ್ಪ ಮೂರೂ ಅರ್ಧವಾದ ಕತ್ತಿಯ ತೂಕವೂ ಎಂಟರಲ್ಲೊಂದು. ಶಕ್ತಿಯೂ ಎಂಟರಲ್ಲೊಂದು, ತೂಕವೂ ಎಂಟರಲ್ಲೊಂದು ಆದುದರಿಂದ ಕತ್ತಿಯ ತುದಿ ನಮ್ಮ ಕತ್ತಿಯ ವೇಗದಲ್ಲಿಯೇ ಹಾರುತ್ತದೆ! ಅಷ್ಟೇ ಅಲ್ಲ, ದಾರಿ ಅರ್ಧವಾದುದರಿಂದ ಗುರಿ ಮುಟ್ಟಲು ಬೇಕಾದ ಹೊತ್ತೂ ಅರ್ಧ. ಚಿಕ್ಕವನು ಚುರುಕೆಂದು ನಾವು ಹೇಳುವ ಮಾತಿಗೆ ಇಲ್ಲಿ ಆಧಾರವಿದೆ. ಆದರೆ ಅದೇ ಅರೆಯಾಳಿಗೆ ನಮ್ಮ ಪೂರ್ಣ ಅಳತೆಯ ಕತ್ತಿಯನ್ನು ಕೊಟ್ಟರೆ, ಎಂಟರಲ್ಲೊಂದು ಶಕ್ತಿಯಿಂದ ಇಡೀ ತೂಕವನ್ನು ಓಡಿಸಬೇಕು. ಆಗ ವೇಗ ನಮ್ಮದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಪೆಟ್ಟನ್ನು ಎದುರಾಳಿ ನೋಡಿ, ಯೋಚಿಸಿ, ಪಕ್ಕಕ್ಕೆ ಸರಿಯಬಹುದು.

ಇನ್ನೊಂದು ತೊಡಕು ನಿಲುವಿನದು. ಕತ್ತಿಯನ್ನು ಬೀಸುವವನನ್ನು ಕತ್ತಿಯೂ ಎಳೆಯುತ್ತದೆ. ಆ ಎಳೆತವನ್ನು ತಡೆಯುವುದು ಅವನ ಮೈಭಾರ. 2014ರ ಪುಸ್ತಕದ ಪ್ರಕಾರ ಅರೆಯಾಳಿನ ತೂಕ ಸುಮಾರು 40 ಪೌಂಡು. ಉದ್ದ ಕತ್ತಿ 3 ಪೌಂಡು, ಮಹಾಖಡ್ಗ 6 ಪೌಂಡು. 160 ಪೌಂಡಿನ ಮನುಷ್ಯನಿಗೆ ಮೈತೂಕದ ಲೆಕ್ಕದಲ್ಲಿ ಹೋಲಿಸಿದರೆ ಉದ್ದ ಕತ್ತಿಯೇ 12 ಪೌಂಡಾಗುತ್ತದೆ, ಮಹಾಖಡ್ಗ 24 ಪೌಂಡಾಗುತ್ತದೆ. 24 ಪೌಂಡೆಂದರೆ ಸುಮಾರು 11 ಕಿಲೋ. ಕಾಲು ಮೂಟೆ ಸಿಮೆಂಟಿಗೆ ಹತ್ತಿರ ಹತ್ತಿರ. ಅದನ್ನು ತುದಿಯಲ್ಲಿ ಹಿಡಿದು ಬೀಸುವವನು ಎದುರಾಳಿಗಿಂತ ಮೊದಲು ತಾನೇ ಉರುಳುತ್ತಾನೆ.

ಇವೆಲ್ಲ ಅರ್ಧದ ಲೆಕ್ಕ. ನಿಜ ಮನುಷ್ಯರಲ್ಲಿ ವ್ಯತ್ಯಾಸ ಇಷ್ಟಿಲ್ಲ. ಐದಡಿಯವನನ್ನು ಆರಡಿಯವನಿಗೆ ಹೋಲಿಸಿದರೆ, ಮೈಕಟ್ಟು ಒಂದೇ ಆಗಿದ್ದ ಪಕ್ಷದಲ್ಲಿ, ಸ್ನಾಯುಬಲ ನೂರಕ್ಕೆ ಸುಮಾರು ಎಪ್ಪತ್ತು ಬರುತ್ತದೆ. ಆ ಮೂವತ್ತರ ಅಂತರವನ್ನು ಬಹುಮಟ್ಟಿಗೆ ಸಾಧನೆಯಿಂದ ತುಂಬಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ.

ಚರಿತ್ರೆಯ ಸಾಕ್ಷಿ

ಮಧ್ಯಯುಗದ ಕತ್ತಿಗಳು ಕಬ್ಬಿಣದ ತೊಲೆಗಳಂತೆ ಭಾರವಾಗಿದ್ದುವೆಂದು ಬಹಳ ಮಂದಿ ನಂಬಿದ್ದಾರೆ. ಇದು ತಪ್ಪು. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಒಂದು ಕೈಯ ಕತ್ತಿಗಳು ಸಾಮಾನ್ಯವಾಗಿ ಒಂದು ಕಿಲೋ, ಹೆಚ್ಚೆಂದರೆ ಒಂದೂಕಾಲು ಒಂದೂವರೆ ಕಿಲೋ ತೂಗುತ್ತವೆ. 16ನೆಯ ಶತಮಾನದ ಎರಡು ಕೈಯ ಮಹಾಖಡ್ಗಗಳು ಕೂಡ ಬಹುತೇಕ ಎರಡರಿಂದ ಮೂರೂವರೆ ಕಿಲೋ ಒಳಗಿನವು. ಅದಕ್ಕೂ ಮೀರಿದವು ಹೆಚ್ಚಾಗಿ ಮೆರವಣಿಗೆಯಲ್ಲಿ ಹಿಡಿದು ನಡೆಯಲು ಮಾಡಿದವು, ಕಾಳಗಕ್ಕಲ್ಲ. ನಮ್ಮ ಮನೆಗಳಲ್ಲಿ ಕಬ್ಬಿಣದ ದೊಡ್ಡ ಬಾಣಲೆಯನ್ನು ಎತ್ತಿಳಿಸುವ ಗೃಹಿಣಿಯ ಕೈಗೆ ಯೋಧನ ಕತ್ತಿ ಹಗುರವೆಂದೇ ತೋರೀತು.

ಆಟದ ಪುಸ್ತಕಗಳೂ ಈ ತಪ್ಪಿನಿಂದ ಮೆಲ್ಲಗೆ ಹೊರಬಂದಿವೆ. 1978ರ ಪುಸ್ತಕದಲ್ಲಿ ಎರಡು ಕೈಯ ಕತ್ತಿಯ ಭಾರ 250 ನಾಣ್ಯಗಳಷ್ಟು. ಹತ್ತು ನಾಣ್ಯಕ್ಕೆ ಒಂದು ಪೌಂಡಿನಂತೆ 25 ಪೌಂಡು! ಹೊರುವ ತೊಡಕನ್ನೂ ಸೇರಿಸಿ ಕಟ್ಟಿದ ಅಂಕಿ ಅದೆಂದು ಸಮರ್ಥಿಸುವವರುಂಟು. 1989ರಲ್ಲಿ ಅದು 15 ಪೌಂಡಿಗೆ ಇಳಿಯಿತು. 2003ರಲ್ಲಿ 8 ಪೌಂಡು. 2014ರಲ್ಲಿ 6 ಪೌಂಡು. ಆರು ಪೌಂಡೆಂದರೆ 2.7 ಕಿಲೋ, ಇದು ಸತ್ಯಕ್ಕೆ ಹತ್ತಿರವಾದದ್ದು. ಚಿಕ್ಕವನನ್ನು ದೊಡ್ಡ ಕತ್ತಿಯಿಂದ ದೂರವಿಟ್ಟ ಹಳೆಯ ನಿಯಮಗಳ ಬೆನ್ನಿಗೆ ಈ ಉಬ್ಬಿದ ತೂಕಗಳೂ ನಿಂತಿದ್ದುವೆಂಬುದನ್ನು ಗಮನಿಸಬೇಕು.

ಎರಡನೆಯ ಸಾಕ್ಷಿ ಹಳೆಯ ವರಸೆಯ ಗುರುಗಳದು. ಇಟಲಿಯ ಫಿಲಿಪ್ಪೊ ವಾದಿ 15ನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ಗ್ರಂಥದಲ್ಲಿ, ಎರಡು ಕೈಯ ಕತ್ತಿಯನ್ನು ನೆಲಕ್ಕೆ ಊರಿದರೆ ಅದರ ಹಿಡಿಯ ತುದಿಯ ಗುಂಡು ಕಂಕುಳಿಗೆ ಮುಟ್ಟಬೇಕೆಂದು ವಿಧಿಸುತ್ತಾನೆ. ಇಂಗ್ಲೆಂಡಿನ ಜಾರ್ಜ್ ಸಿಲ್ವರ್ 1599ರ ತನ್ನ ಪುಸ್ತಕದಲ್ಲಿ ಒಬ್ಬೊಬ್ಬರ ಮೈಗೆ ಹೊಂದುವ ಆಯುಧದ ಉದ್ದವನ್ನು ಅಳೆಯುವ ಕ್ರಮವನ್ನೇ ಕೊಟ್ಟಿದ್ದಾನೆ. ದೊಣ್ಣೆಯ ಅಳತೆಗೆ ನೆಟ್ಟಗೆ ನಿಂತು, ದೊಣ್ಣೆಯನ್ನು ಮೈಗೆ ಒತ್ತಿ ನಿಲ್ಲಿಸಿ, ಬಲಗೈಯನ್ನು ಮೇಲಕ್ಕೆ ಚಾಚಿ ಮುಟ್ಟುವಷ್ಟು ಉದ್ದವನ್ನು ಗುರುತಿಸಿ, ಅದರ ಮೇಲೆ ಎರಡು ಕೈ ಹಿಡಿಯುವಷ್ಟು ಜಾಗವನ್ನು ಸೇರಿಸಬೇಕು. ಎಂದರೆ ಆ ಕಾಲದ ಪರಿಣತರ ದೃಷ್ಟಿಯಲ್ಲಿ 'ಕತ್ತಿಯ ಅಳತೆ' ಎಂಬುದೊಂದು ಇರಲಿಲ್ಲ. 'ಇಂಥವನ ಕತ್ತಿಯ ಅಳತೆ' ಎಂಬುದಿತ್ತು. ಹೀಗೆ ನೋಡಿದರೆ 1981ರ ಸರಳ ಪುಸ್ತಕವೂ 2003ರ ಸೂಕ್ಷ್ಮ ಪುಸ್ತಕವೂ ಈ ಗುರುಗಳ ಹಾದಿಯಲ್ಲಿಯೇ ಇವೆ.

ಮೂರನೆಯ ಸಾಕ್ಷಿ ಸಮುದ್ರದ ತಳದಿಂದ ಬಂದದ್ದು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ 'ಮೇರಿ ರೋಸ್' ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ 137 ಇಡಿಯ ಉದ್ದಬಿಲ್ಲುಗಳೂ ಸಾವಿರಾರು ಬಾಣಗಳೂ ದೊರೆತವು. ಬಿಲ್ಲುಗಳ ಉದ್ದ ಸುಮಾರು ಆರರಿಂದ ಏಳಡಿ. ಅವನ್ನು ಪೂರ್ತಿ ಎಳೆಯಲು ಬೇಕಾದ ಬಲ 100 ಪೌಂಡಿನಿಂದ ಹಿಡಿದು 180 ಪೌಂಡಿನವರೆಗೂ ಇತ್ತೆಂದು ಪರಿಣತರು ಅಂದಾಜು ಮಾಡಿದ್ದಾರೆ. ಅದನ್ನು ಎಳೆದವರು ದೈತ್ಯರೇ? ಅಲ್ಲ. ನೌಕೆಯಲ್ಲಿ ಸಿಕ್ಕ ಅಸ್ಥಿಗಳನ್ನು ಅಳೆದರೆ ಆ ಜನರ ಸರಾಸರಿ ಎತ್ತರ ಐದಡಿ ಏಳು ಅಂಗುಲದ ಸುಮಾರಿನದು. ಕೆಲವರ ಹೆಗಲ ಮೂಳೆಗಳಲ್ಲಿ ಚಿಕ್ಕಂದಿನಿಂದ ಬಿಲ್ಲೆಳೆದು ಆಗಿರಬಹುದಾದ ಬದಲಾವಣೆಗಳು ಕಾಣುತ್ತವೆ. ಮೈಯ ಎತ್ತರಕ್ಕಿಂತ ಮೈಗೆ ಕಲಿಸಿದ ಅಭ್ಯಾಸವೇ ಇಲ್ಲಿ ದೊಡ್ಡದು. ಬಲವನ್ನೂ ಗಾತ್ರವನ್ನೂ ಬೇರೆ ಬೇರೆ ಅಂಕಗಳಾಗಿ ಇಟ್ಟ 'ರೂನ್‌ಕ್ವೆಸ್ಟ್', ಬಲವನ್ನು ಮಾತ್ರ ಕೇಳುವ 'ಗರ್ಪ್ಸ್' ಮತ್ತು 2024ರ ನಿಯಮ, ಇವು ಈ ಸತ್ಯವನ್ನು ಹಿಡಿದಿವೆ.

ನಾಲ್ಕನೆಯದು ಗಾಯದ ವಿಚಾರ. ಅರೆಯಾಳಿನ ಪೆಟ್ಟಿನ ಶಕ್ತಿ ಎಂಟರಲ್ಲೊಂದು ಎಂದೆವಷ್ಟೆ. ಹಾಗಾದರೆ 2003ರ ನಿಯಮ ಎಂಟು ಮುಖದ ದಾಳದ ಬದಲು ಆರು ಮುಖದ್ದನ್ನು ಕೊಟ್ಟು, ಸರಾಸರಿ ನಾಲ್ಕೂವರೆಯನ್ನು ಮೂರೂವರೆಗೆ ಮಾತ್ರ ಇಳಿಸಿದ್ದು ಔದಾರ್ಯವಲ್ಲವೆ? ಅಲ್ಲವೆನ್ನಬೇಕು. ರೋಮಿನ ಯುದ್ಧಶಾಸ್ತ್ರಕಾರ ವೆಜೀಶಿಯಸ್, ಎರಡು ಅಂಗುಲ ಇಳಿದ ತಿವಿತವೇ ಪ್ರಾಣಾಂತಕವೆಂದು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಸಾಯಲು ಬೇಕಾದಷ್ಟು ಆಳಕ್ಕೆ ಚಿಕ್ಕ ಕಠಾರಿಯೂ ಇಳಿಯುತ್ತದೆ. ಅದಕ್ಕೂ ಮೀರಿದ ಶಕ್ತಿ ವ್ಯರ್ಥ. ಕವಚ ತೊಟ್ಟವನ ಮೇಲೆ ಮಾತ್ರ ಭಾರದ ಪೆಟ್ಟಿಗೆ ನಿಜವಾದ ಬೆಲೆ.

ನಿಯಮಗಳು ಮರೆತದ್ದು

ಇಷ್ಟೆಲ್ಲ ನಿಯಮಗಳಲ್ಲಿ ಒಂದು ಸಂಗತಿಯನ್ನು ಬಹುಮಟ್ಟಿಗೆ ಮರೆತಿದ್ದಾರೆ. ಅದೇ ನಿಲುಕು. ಎಲ್ಲರೂ ಭಾರವನ್ನು ಎಣಿಸಿದರು, ದೂರವನ್ನು ಎಣಿಸಲಿಲ್ಲ. ಅರೆಯಾಳಿನ ತೋಳೂ ಅರ್ಧ, ಅವನಿಗೆ ಹೊಂದುವ ಕತ್ತಿಯೂ ಅರ್ಧ, ಅವನು ಮುಂದಿಡುವ ಹೆಜ್ಜೆಯೂ ಅರ್ಧ. ಮನುಷ್ಯನ ಕತ್ತಿಯ ತುದಿ ಅವನ ಎದೆಗೆ ಬರುವಾಗ ಅವನ ಕತ್ತಿಯ ತುದಿ ಇನ್ನೂ ಗಾಳಿಯಲ್ಲಿರುತ್ತದೆ. ಸಿಲ್ವರ್‌ನಂಥ ಗುರುಗಳ ಬೋಧನೆಯಲ್ಲಿ ದೂರ ಮತ್ತು ಹೊತ್ತು ಇವೆರಡರ ವಿಚಾರವೇ ಪ್ರಧಾನ. ಆದರೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 2000ದ ಆವೃತ್ತಿಯಿಂದ ಈಚೆಗೆ ನೋಡಿದರೆ, ಅರೆಯಾಳಿಗೂ ಮನುಷ್ಯನಿಗೂ ನಿಲುಕು ಒಂದೇ, ಐದಡಿ. ದೊಡ್ಡ ದೈತ್ಯನಿಗೆ ಹತ್ತಡಿ ಕೊಟ್ಟವರು ಚಿಕ್ಕವನಿಗೆ ಎರಡೂವರೆ ಅಡಿ ಕೊಡಲಿಲ್ಲ. ಮೇಜಿನ ಮೇಲಿನ ಚೌಕದ ಮನೆಗಳ ಲೆಕ್ಕಕ್ಕೆ ಅದು ಅನುಕೂಲ, ಆಟಗಾರನ ಮೇಲೆ ಕರುಣೆಯೂ ಹೌದು.

ಚಿಕ್ಕವನಿಗೆ ದೊರಕಬೇಕಾದ ಲಾಭವೊಂದನ್ನೂ ಮರೆತಿದ್ದಾರೆ. ಅವನ ಮುಂದಿರುವ ಗುರಿ ಎದುರಾಳಿಯ ಕಾಲು. ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದಲ್ಲಿ 1361ರಲ್ಲಿ ನಡೆದ ವಿಸ್ಬಿ ಯುದ್ಧದ ಸಾಮೂಹಿಕ ಗೋರಿಗಳನ್ನು 20ನೆಯ ಶತಮಾನದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ದೊರೆತವು. ಅವುಗಳಲ್ಲಿ ಮೊಣಕಾಲಿನ ಕೆಳಗೆ ಬಿದ್ದ ಕಡಿತದ ಗಾಯಗಳು ಬಹಳ. ತಲೆಗೂ ಎದೆಗೂ ರಕ್ಷಣೆಯಿದ್ದವನ ಕಾಲು ಬರಿದಾಗಿರುತ್ತದೆ. ಗುರಾಣಿ ಅಲ್ಲಿಗೆ ಇಳಿಯುವುದು ನಿಧಾನ. ಮೂರಡಿಯ ಆಳು ಬಗ್ಗದೆಯೇ ಹೊಡೆಯಬಹುದಾದ ಜಾಗ ಅದೇ.

ಯಾವ ನಿಯಮ ಒಳ್ಳೆಯದು?

ಇಲ್ಲಿಯವರೆಗೆ ಸತ್ಯದ ವಿಚಾರವಾಯಿತು. ಆದರೆ ಆಟಕ್ಕೆ ಸತ್ಯವೊಂದೇ ಸಾಲದು. ಮೇಜಿಗೆ ಬಂದು ಕುಳಿತವನು ಒಂದು ಕನಸನ್ನು ಹೊತ್ತು ಬಂದಿರುತ್ತಾನೆ. ಚಿಕ್ಕ ಮೈಯ ವೀರನೊಬ್ಬ ದೊಡ್ಡ ಕತ್ತಿ ಹಿಡಿದು ದೈತ್ಯನೆದುರು ನಿಲ್ಲುವುದು ಆ ಕನಸಾಗಿರಬಹುದು. 'ಆಗದು' ಎಂದು ಪುಸ್ತಕ ಹೇಳಿದರೆ ಕತೆ ಅಲ್ಲಿಗೇ ನಿಂತಿತು.

ದೇಹದ ಬಗೆಗಿನ ನಿಯಮಗಳು ಪಾತ್ರವನ್ನು ಮಾತ್ರವಲ್ಲ, ಆಟಗಾರನನ್ನೂ ಮುಟ್ಟುತ್ತವೆ. 1978ರ ಪುಸ್ತಕದಲ್ಲಿ ಮನುಷ್ಯ ಜಾತಿಯ ಸ್ತ್ರೀಪಾತ್ರದ ಬಲಕ್ಕೆ ಪುರುಷಪಾತ್ರಕ್ಕಿಂತ ಕೆಳಗಿನ ಒಂದು ಮೇಲ್ಮಿತಿ ಇತ್ತು. ಸರಾಸರಿಯ ಲೆಕ್ಕದಲ್ಲಿ ಅದಕ್ಕೆ ಆಧಾರವಿರಬಹುದು. ಆದರೆ ಆಟದ ವೀರರು ಸರಾಸರಿಯವರಲ್ಲ. ಬೆಂಕಿಯುಗುಳುವ ಘಟಸರ್ಪವನ್ನೂ ಮಂತ್ರವನ್ನೂ ಒಪ್ಪಿಕೊಂಡ ಆಟ, ಒಬ್ಬ ಹೆಣ್ಣುಮಗಳು ಗಂಡಸಿನಷ್ಟು ಬಲಶಾಲಿಯಾಗುವುದನ್ನು ಮಾತ್ರ ಅಸಂಭವವೆಂದು ತಳ್ಳಿದರೆ, ಆಡಲು ಬಂದ ಹುಡುಗಿಗೆ ಏನನಿಸಬೇಕು? 1989ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. ಆಟ ಅದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ.

ಹಾಗೆಂದು ಗಾತ್ರವನ್ನು ಪೂರ್ತಿ ಮರೆಯುವುದೂ ಸರಿಯಲ್ಲ. ಚಿಕ್ಕವನಾಗಿರುವುದಕ್ಕೆ ಅರ್ಥವೇ ಇಲ್ಲದಿದ್ದರೆ ಚಿಕ್ಕವನ ಪಾತ್ರವನ್ನು ಆರಿಸಿಕೊಳ್ಳುವುದೇಕೆ? ತನ್ನ ಕೊರತೆಯನ್ನು ಯುಕ್ತಿಯಿಂದ ತುಂಬಿಕೊಳ್ಳುವುದರಲ್ಲಿಯೇ ಆ ಪಾತ್ರದ ಸ್ವಾರಸ್ಯ. ಬೆಲೆ ಇರಲಿ, ಬಾಗಿಲು ಮುಚ್ಚದಿರಲಿ. ಬೆಲೆ ಎಷ್ಟಿರಬೇಕೆಂಬುದನ್ನು ದಾಳದ ಲೆಕ್ಕದಿಂದ ತಿಳಿಯಬಹುದು. ಹನ್ನೊಂದು ಅಥವಾ ಹೆಚ್ಚು ಬಿದ್ದರೆ ಪೆಟ್ಟು ತಗಲುವುದೆನ್ನೋಣ. ಸಂಭವ ನೂರಕ್ಕೆ ಐವತ್ತು. 2003ರ ನಿಯಮದಂತೆ ಎರಡು ಅಂಕ ಕಳೆದರೆ ಅದು ನಲವತ್ತಾಗುತ್ತದೆ. 2014ರಂತೆ ಎರಡು ಬಾರಿ ಉರುಳಿಸಿ ಕಡಮೆಯದನ್ನು ಹಿಡಿದರೆ ಇಪ್ಪತ್ತೈದಕ್ಕೆ ಕುಸಿಯುತ್ತದೆ. ಮೊದಲನೆಯದು ಬೆಲೆ, ಎರಡನೆಯದು ಹೆಸರಿಗೆ ಬೆಲೆಯಾದರೂ ಪರಿಣಾಮದಲ್ಲಿ ನಿಷೇಧಕ್ಕೆ ಸಮೀಪ.

ಆಟ ನಡೆಸುವ ಯಜಮಾನರಿಗೆ ಈ ವಿವರಗಳಿಂದ ಕೆಲವು ಸೂಚನೆಗಳನ್ನು ಕೊಡಬಹುದು. ಮೊದಲನೆಯದಾಗಿ, ಚಿಕ್ಕವನಿಗೆ ಅವನ ಅಳತೆಯ ಕತ್ತಿಯನ್ನು ಕಮ್ಮಾರನಿಂದ ಮಾಡಿಸಿಕೊಡಿ. ಗಾಯದ ದಾಳ ಒಂದು ಮೆಟ್ಟಿಲು ಇಳಿಯಲಿ, ಬೇರೆ ಕಡಿತ ಬೇಡ. ಎರಡನೆಯದಾಗಿ, ದೊಡ್ಡವರ ಕತ್ತಿಯನ್ನೇ ಹಿಡಿಯುತ್ತೇನೆಂದರೆ ಎರಡು ಕೈಯಲ್ಲಿ ಹಿಡಿಯಲಿ, ಎರಡು ಅಂಕ ಕಳೆಯಲಿ. ಮೂರನೆಯದಾಗಿ, ಎದುರಾಳಿಯ ಕೈಯಲ್ಲಿ ಈಟಿಯಂಥ ಉದ್ದದ ಆಯುಧವಿದ್ದರೆ ಮೊದಲ ಪೆಟ್ಟಿನ ಅವಕಾಶ ಅವನಿಗಿರಲಿ. ಆದರೆ ಚಿಕ್ಕವನು ಒಳಕ್ಕೆ ನುಗ್ಗಿದ ಮೇಲೆ ಚುರುಕಿನ ಲಾಭ ಇವನಿಗಿರಲಿ. ನಾಲ್ಕನೆಯದಾಗಿ, ಏನೇ ನಿಯಮ ಮಾಡಿದರೂ ಆಟ ಆರಂಭವಾಗುವ ಮೊದಲೇ, ಎಲ್ಲರೂ ಪಾತ್ರಗಳನ್ನು ಆರಿಸಿಕೊಳ್ಳುವಾಗಲೇ, ಅದನ್ನು ಹೇಳಿಬಿಡಿ. ಕಾಳಗದ ನಡುವೆ ಹೊಳೆದ ನಿಯಮ ಎಷ್ಟೇ ನಿಜವಾಗಿದ್ದರೂ ಸೋತವನಿಗೆ ಮೋಸವೆಂದೇ ತೋರುತ್ತದೆ.

ವಾದಿ ಮತ್ತು ಸಿಲ್ವರ್ ಶಿಷ್ಯನನ್ನು ನಿಲ್ಲಿಸಿ ಅಳೆದದ್ದು ಅವನು ಕತ್ತಿ ಹಿಡಿಯಲು ಅರ್ಹನೋ ಅಲ್ಲವೋ ಎಂದು ತೀರ್ಪು ಕೊಡುವುದಕ್ಕಲ್ಲ. ಅವನಿಗೆ ಎಷ್ಟುದ್ದದ ಕತ್ತಿ ಬೇಕೆಂದು ತಿಳಿಯುವುದಕ್ಕೆ. ಆಟದ ನಿಯಮವನ್ನು ಬರೆಯುವವರೂ ಮೇಜಿನ ಯಜಮಾನರೂ ಅಳತೆಗೋಲನ್ನು ಕೈಗೆತ್ತಿಕೊಳ್ಳುವಾಗ ಇದೇ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.